ಸದಾನಂದಣ್ಣನ ಹೆಸರು

ನದಿಯ ದಂಡೆಯ ಆ ಆಶ್ರಮಕ್ಕೆ, ಗಂಡನ ಹೊಡೆತ ತಾಳಲಾರದ ಹೆಂಗಸರು ಆಸರೆ ಬೇಡಿ ಬರುತ್ತಿದ್ದರು. ಯಾರನ್ನು ಯಾವ ಊರಿನಲ್ಲಿ ಇರಿಸಲಾಗಿದೆ ಎಂಬ ವಿವರವೆಲ್ಲ ಕಂಪ್ಯೂಟರಿನಲ್ಲಿತ್ತು. ಬೇರೆ ಊರುಗಳ ಶಾಖೆಯವರೂ ಅದನ್ನು ಇಂಟರ್‌ನೆಟ್ಟಿನಲ್ಲಿ ತೆರೆದು ನೋಡುತ್ತಿದ್ದರು. ಯಾರಿಗೆ ಪಾಸ್‌ವರ್ಡ್ ಕೊಡಬೇಕು, ಯಾರ ಹೆಸರು ತೆಗೆಯಬೇಕು ಎಂಬುದು ಶಿಷ್ಯ ವಾಗೀಶನ ಹೊಣೆ.

ಹಿರಿಯ ಶಿಷ್ಯ ಸದಾನಂದಣ್ಣ ತೀರಿಕೊಂಡಾಗ, ಅವರ ಹೆಸರು ತೆಗೆಯಲು ವಾಗೀಶನಿಗೆ ಮನಸ್ಸು ಬರಲಿಲ್ಲ.

ಒಂದು ಮುಂಜಾನೆ ಆ ಹೆಸರು ಪಾಸ್‌ವರ್ಡ್ ಕೊಟ್ಟು ಕಂಪ್ಯೂಟರಿನೊಳಗೆ ಬಂತು. ಆಸರೆ ಬೇಡಿ ಬಂದಿದ್ದ ಪುಷ್ಪಾವತಿ ಎಂಬವಳ ವಿವರದ ಪುಟ ತೆರೆಯಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಹೊರಟುಹೋಯಿತು. ಮರುದಿನವೂ ಬಂತು. ಆಮೇಲೆ ತಪ್ಪಿಸಿದ್ದೇ ಇಲ್ಲ.

ವಾಗೀಶನ ಮೈ ಜುಮ್ಮೆಂದಿತು. ಆದರೂ ಅವನು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಿಟ್ಟು, ಪಕ್ಕದಲ್ಲೊಂದು ಲೋಟ ಕಾಫಿ ಇಡತೊಡಗಿದ.

ಗುರುಗಳು ಅದನ್ನು ನೋಡಿದರು.

“ಯಾರಿಗಪ್ಪಾ ಕಾಫಿ?”

“ಸದಾನಂದಣ್ಣನಿಗೆ, ಗುರುಗಳೇ. ದಿನಾ ಬರ್ತಾರೆ.”

“ಸಕ್ಕರೆ ಹಾಕಿದ್ದೀಯೋ? ಅವನಿಗೆ ಆಗ್ತಿರಲಿಲ್ಲ.”

ವಾಗೀಶ ನಗಲಿಲ್ಲ. ಪರದೆ ತೋರಿಸಿದ. ಅಣ್ಣನ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊಳೆಯುತ್ತಿತ್ತು.

“ಈಗಲೂ ಇಲ್ಲೇ ಇದ್ದಾರೆ, ನೋಡಿ. ಪುಷ್ಪಾವತಿಯನ್ನು ಕರೆತಂದವರು ಅವರೇ ಅಲ್ಲವೇ? ಅವಳಿಗೊಂದು ನೆಲೆ ಸಿಕ್ಕಿತೇ ಅಂತ ನೋಡ್ತಾರೆ. ವಿಳಾಸದ ಜಾಗ ಇನ್ನೂ ಖಾಲಿ ಇದೆ. ಇವತ್ತು ತುಂಬಿಬಿಡ್ತೇನೆ. ಅಣ್ಣನ ಜೀವಕ್ಕೆ ನೆಮ್ಮದಿಯಾಗಲಿ.”

ಗುರುಗಳು ಆ ಕುರ್ಚಿಯಲ್ಲಿ ಕೂತು, ಲೋಟ ಎತ್ತಿ ಕಾಫಿ ಕುಡಿದುಬಿಟ್ಟರು.

“ಗುರುಗಳೇ! ಅದು ಅಣ್ಣನದು...”

“ಅವನ ಫೋನ್ ಎಲ್ಲಿ?”

“ನಮ್ಮ ಪದ್ಧತಿಯಂತೆ ದಾನ ಕೊಟ್ಟೆ. ಚಾಪೆ, ಪಂಚೆ, ಕೊಡೆ, ಎಲ್ಲವನ್ನೂ ಬಾಗಿಲಿಗೆ ಬಂದವರಿಗೆ ಹಂಚಿದೆ.”

“ಫೋನ್ ಯಾರಿಗೆ?”

“ಗೇಟಿನ ಹತ್ತಿರ ಒಬ್ಬ ನಿಂತಿದ್ದ. ನಮ್ಮೆಲ್ಲರಿಗಿಂತ ಹೆಚ್ಚು ಅತ್ತ. ಪಂಚೆ ಕೊಟ್ಟರೆ ಬೇಡ ಅಂದ. ಅಣ್ಣ ಮಾತಾಡುತ್ತಿದ್ದ ಫೋನ್ ಕೊಟ್ಟರೆ ಸಾಕು ಅಂದ.”

“ಪುಷ್ಪಾವತಿಯ ಗಂಡನನ್ನು ನೀನು ನೋಡಿದ್ದೀಯಾ?”

“ಇಲ್ಲ...”

ವಾಗೀಶನಿಗೆ ಈಗ ಹೊಳೆಯಿತು. ಅಣ್ಣನ ಪಾಸ್‌ವರ್ಡ್ ಆ ಫೋನಿನಲ್ಲೇ ಉಳಿದಿತ್ತು.

ಪರದೆಯ ಮೇಲೆ ಆ ಹೆಸರು ಖಾಲಿ ಜಾಗ ತುಂಬುವುದನ್ನೇ ಕಾಯುತ್ತ ಕೂತಿತ್ತು.

“ಹೆಸರು ತೆಗೆ,” ಎಂದರು ಗುರುಗಳು.

ವಾಗೀಶ ತೆಗೆದ. ಹಸಿರು ಚುಕ್ಕೆ ಆರಿತು. ಮರುಕ್ಷಣವೇ ಪರದೆ ಎಚ್ಚರಿಸಿತು: ಸದಾನಂದ ಒಳಗೆ ಬರಲು ಯತ್ನಿಸುತ್ತಿದ್ದಾರೆ. ಮತ್ತೆ ಎಚ್ಚರಿಸಿತು. ಮತ್ತೆ.

ಅಣ್ಣನ ಚಿತೆಗೆ ಕೊಳ್ಳಿಯಿಟ್ಟವನು ವಾಗೀಶನೇ. ಆದರೂ ಕೇಳಿಯೇಬಿಟ್ಟ.

“ಗುರುಗಳೇ, ಒಂದು ವೇಳೆ ಅಣ್ಣನೇ ಆಗಿದ್ದರೆ?”

ಗುರುಗಳು ಖಾಲಿ ಲೋಟವನ್ನು ಬೋರಲು ಹಾಕಿದರು.

“ಸತ್ತವನಿಗೆ ಪಾಸ್‌ವರ್ಡ್ ಯಾಕೆ? ಅವನಾಗಿದ್ದರೆ ಬಾಗಿಲು ತಟ್ಟುತ್ತಿರಲಿಲ್ಲ.”