ಮೂರು ಚಿಲಕ, ಒಂದು ಮೇಕೆ

ಸೋಮವಾರ ಮಠದಲ್ಲಿ ಗಂಭೀರ ಬಿಕ್ಕಟ್ಟೊಂದು ತಲೆದೋರಿತು. ಶಿಷ್ಯ ಚೆನ್ನವೀರನ ಮದುವೆಯ ಮುಹೂರ್ತ ಬೆಳಿಗ್ಗೆ ಒಂಬತ್ತಕ್ಕೆ ಗೊತ್ತಾಯಿತು. ಅವನು ಎಚ್‌ಐವಿ ಮಾತ್ರೆ ನುಂಗುವುದೂ ಒಂಬತ್ತಕ್ಕೇ.

“ಗುರುಗಳೇ, ಮದುವೆಯ ಎಂಟು ದಿನ ಬಿಡುವು ಸಿಕ್ಕಾಗ ನುಂಗಿ, ಸಿಗದಿದ್ದರೆ ಬಿಟ್ಟರೆ ನಡೆಯುವುದಿಲ್ಲವೇ?” ಎಂದು ಅವನು ಕೇಳಿದ. “ಎರಡು ವರ್ಷದಿಂದ ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣಿಸಿಯೇ ಇಲ್ಲ. ಮಂಟಪದಲ್ಲಿ ನುಂಗಿದರೆ ನೆಂಟರೆಲ್ಲ ನನ್ನ ಬಾಯನ್ನೇ ನೋಡುತ್ತಾರೆ.”

“ಹುಡುಗಿಗೆ ಗೊತ್ತೇ?”

“ಅವಳದೂ ಅದೇ ಮಾತ್ರೆ. ಆಸ್ಪತ್ರೆಯ ಔಷಧಿ ಸಾಲಿನಲ್ಲೇ ಪರಿಚಯ.”

ಗುರುಗಳು ಮನಸಾರೆ ನಕ್ಕು ಕತೆ ಹೇಳಿದರು.

ಒಬ್ಬ ರೈತ ಹಿತ್ತಲಲ್ಲಿ ಸೇವಂತಿಗೆ ಬೆಳೆದಿದ್ದ. ಪಕ್ಕದಲ್ಲೇ ಮೇಕೆಯ ದೊಡ್ಡಿ. ಅದರ ಬಾಗಿಲಿಗೆ ಮೂರು ಚಿಲಕ ಇಡಿಸಿದ: ಒಂದನ್ನು ಎತ್ತಬೇಕು, ಒಂದನ್ನು ಎಳೆಯಬೇಕು, ಒಂದನ್ನು ತಿರುಗಿಸಬೇಕು. ಮೂರೂ ಹಾಕಿದ್ದಾಗ ಮೇಕೆ ಒಂದನ್ನು ಎತ್ತಿದರೂ ಬಾಗಿಲು ಅಲ್ಲಾಡುತ್ತಿರಲಿಲ್ಲ. ಎತ್ತಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯುತ್ತಿರಲಿಲ್ಲ. ಅದು ಮಲಗಿ ಮೆಲುಕು ಹಾಕಿತು. ಆ ವರ್ಷ ಹೂವು ಚೆನ್ನಾಗಿ ಬಂತು.

“ಮೇಕೆ ಸಾಧುವಾಯಿತು ಕಣೇ” ಎಂದ ರೈತ.

“ಸಾಧುವಾದದ್ದು ಮೇಕೆಯೋ, ಬಾಗಿಲೋ?” ಎಂದಳು ಹೆಂಡತಿ.

ರೈತನಿಗೆ ಹೆಂಡತಿಯ ಮಾತಿಗಿಂತ ಮೇಕೆಯ ಮುಖದ ಮೇಲೆ ನಂಬಿಕೆ ಹೆಚ್ಚು. ಸಂತೆಗೆ ಹೊರಡುವ ಅವಸರದಲ್ಲಿ ಒಂದು ದಿನ ಒಂದೇ ಚಿಲಕ ಹಾಕಿದ. ಇನ್ನೊಂದು ದಿನ ಇನ್ನೊಂದು, ಮತ್ತೊಂದು ದಿನ ಮೂರನೆಯದು. ಮೇಕೆಗೆ ಪಾಠ ಬಿಡಿಬಿಡಿಯಾಗಿ ಹೇಳಿಕೊಟ್ಟಂತಾಯಿತು.

ತಿಂಗಳ ಕೊನೆಗೆ ಹೂವು ಕಡಿಮೆಯಾದದ್ದು ಕಂಡು ಮೂರೂ ಚಿಲಕ ಭದ್ರವಾಗಿ ಹಾಕಿದ. ಮೇಕೆ ಎತ್ತಿತು, ಎಳೆಯಿತು, ತಿರುಗಿಸಿತು, ಹೋಗಿ ಸೇವಂತಿಗೆ ಮೇಯಿತು. ಆಮೇಲೆ ಹುಟ್ಟಿದ ಮರಿಗಳಿಗೆ ಆ ವಿದ್ಯೆಯನ್ನು ಯಾರೂ ಕಲಿಸಬೇಕಾಗಲಿಲ್ಲ. ರೈತ ಹೊಸ ಬಗೆಯ ಚಿಲಕ ಹುಡುಕುತ್ತ ದೂರದ ಪೇಟೆಗೆ ಹೋದ.

ಚೆನ್ನವೀರ ನಕ್ಕ. “ಆದರೆ ನನ್ನದು ಒಂದೇ ಮಾತ್ರೆಯಲ್ಲವೇ?”

“ಅದರಲ್ಲಿ ಮೂರು ಔಷಧವಿದೆ. ನುಂಗುವುದು ಬಿಟ್ಟರೆ ಮೂರೂ ಒಟ್ಟಿಗೆ ಮೈಯಿಂದ ಇಳಿಯುವುದಿಲ್ಲ. ಕೊನೆಗೆ ವೈರಸ್ಸಿನ ಮುಂದೆ ಒಂದೇ ಚಿಲಕ ಉಳಿಯುತ್ತದೆ.”

“ಎಂಟೇ ದಿನ, ಗುರುಗಳೇ. ಮದುವೆ ಎಂದರೆ ನೂರು ಕೆಲಸ.”

“ನೂರು ಕೆಲಸ ನಿನಗೆ, ಚೆನ್ನವೀರ, ಮೇಕೆಗೆ ಬೇರೆ ಕೆಲಸವಿಲ್ಲ.”



ಮದುವೆಯ ದಿನ ಒಂಬತ್ತಕ್ಕೆ ಸರಿಯಾಗಿ ಮಂಟಪದಲ್ಲಿ ಎರಡು ಫೋನುಗಳು ಕೂಗಿದವು. ವಾಲಗ ನಿಂತಿತು. ಮದುಮಕ್ಕಳಿಬ್ಬರೂ ಒಂದೇ ಲೋಟದ ನೀರಿನಲ್ಲಿ ಮಾತ್ರೆ ನುಂಗಿದರು. ಅದೂ ಒಂದು ಶಾಸ್ತ್ರವೆಂದು ತಿಳಿದು ನೆಂಟರು ಅಕ್ಷತೆ ಹಾಕಿದರು. ತಾಳಿ ಕಟ್ಟಿದ್ದು ಒಂಬತ್ತು ಗಂಟೆ ಎರಡು ನಿಮಿಷಕ್ಕೆ.