ಪ್ರಿಂಟರಿನ ಕೆಂಪು

ಮಗಳ ಅರಿಶಿನ ಶಾಸ್ತ್ರದ ಫೋಟೋ ಮತ್ತೆ ಕುಂಕುಮದ ಹಾಗೆ ಕೆಂಪಾಗಿ ಬಂದಾಗ ಸುಗುಣಮ್ಮ, "ಇನ್ನೊಂದು ಹೀಗೇ ಬಂದರೆ ಈ ಪ್ರಿಂಟರು ಗುಜರಿಗೆ," ಎಂದು ಎದ್ದುಹೋದರು.

"ತಪ್ಪು ನನ್ನದಲ್ಲ, ಕಂಪ್ಯೂಟರಿನ ಪರದೆಯದು," ಎಂದು ಪ್ರಿಂಟರು ಗೊಣಗಿತು.

"ಬಣ್ಣದ ಚೌಕಗಳ ಹಾಳೆಯೊಂದನ್ನು ಮುದ್ರಿಸಿ ಕೊಡು, ಅಳೆದು ಹೇಳುತ್ತೇನೆ," ಎಂದಿತು ಪಕ್ಕದಲ್ಲಿದ್ದ ಸ್ಕ್ಯಾನರು.

ಪ್ರಿಂಟರು ಅಳುಕುತ್ತಲೇ ಕೊಟ್ಟಿತು.

"ಎಲ್ಲ ಚೌಕಕ್ಕೂ ಕೆಂಪು ಹೆಚ್ಚು ಹಾಕಿದ್ದೀಯ."

"ಹಾಗಾದರೆ ನನಗೆ ಗುಜರಿಯೇ ಗತಿ."

"ಯಾಕೆ? ನನಗೂ ಎಲ್ಲವನ್ನೂ ನೀಲಿಯಾಗಿ ಕಾಣುವ ಚಾಳಿಯಿತ್ತು, ಅಳೆದು ಸರಿಮಾಡಿದರು. ನಿನ್ನ ಕೆಂಪು ಎಷ್ಟು ಹೆಚ್ಚೆಂದು ಈಗ ಗೊತ್ತಾಯಿತಲ್ಲ, ಕಂಪ್ಯೂಟರು ನಿನ್ನಿಂದ ಅಷ್ಟು ಕಡಿಮೆ ಕೆಂಪು ಕೇಳಿದರಾಯಿತು."

ಸ್ಕ್ಯಾನರು ಆ ಅಳತೆಯನ್ನು ಕಂಪ್ಯೂಟರಿಗೆ ಕಳಿಸಿತು. ಮುಂದಿನ ಫೋಟೋದಲ್ಲಿ ಅರಿಶಿನ ಅರಿಶಿನವಾಗಿಯೇ ಬಂತು. ಸುಗುಣಮ್ಮ ಅದನ್ನು ಗೋಡೆಗೆ ಹಾಕಿದರು.

ಪ್ರಿಂಟರು ನಿರಾಳವಾಗಿ ಉಸಿರು ಬಿಟ್ಟು, "ಇಂಕು ಬದಲಿಸಿದಾಗಲೂ ನನ್ನನ್ನು ಅಳೆಯುವುದನ್ನು ಮರೆಯಬೇಡ," ಎಂದು ಸ್ಕ್ಯಾನರಿಗೆ ಹೇಳಿತು.