ಸರದಿಯಲ್ಲಿದ್ದ ಚಪ್ಪಲಿ

"ಗುರುಗಳೇ, ಜಾಂಗೋ, ಫ್ಲಾಸ್ಕ್, ಫಾಸ್ಟ್‌ಎಪಿಐ, ಪೈಥಾನಿನ ಈ ಮೂರು ಸಲಕರಣೆಗಳಲ್ಲಿ ವೆಬ್‌ಪುಟ ಕಟ್ಟಲು ಯಾವುದು ಮೇಲು?"

ಕೇಳಿದವನು ನಿಜಗುಣ. ತನಗೆ ಪೈಥಾನ್ ಪ್ರೋಗ್ರಾಮಿಂಗ್ ಕಲಿಸಿದ ಗುರುಗಳ ಮುಂದೆ ಅವನು ಒಂದು ಕೋಷ್ಟಕವನ್ನು ಹರಡಿದ. ಒಂದು ಕಡೆ ವೇಗ, ಇನ್ನೊಂದು ಕಡೆ ಕೆಲಸದ ಸುಲಭತೆ. ರಕ್ತದಾನಿಗಳನ್ನು ಹುಡುಕುವ ಪುಟವೊಂದನ್ನು ಮಾಡಿಕೊಡುತ್ತೇನೆಂದು ಊರಿನ ಆಸ್ಪತ್ರೆಗೆ ಅವನು ಮಾತು ಕೊಟ್ಟು ಎರಡು ತಿಂಗಳಾಗಿತ್ತು. ಕೋಷ್ಟಕ ಮಾತ್ರ ಸಿದ್ಧವಾಗಿತ್ತು.

ಗುರುಗಳು ಅದನ್ನು ಪೂರ್ತಿ ಓದಿದರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಒಂದು ಡಯಾಲಿಸಿಸ್ ಕೇಂದ್ರದವರು ಅವನ ಬಳಿ ಬಂದರು. ಅಲ್ಲಿದ್ದದ್ದು ಎರಡೇ ಯಂತ್ರ. ರೋಗಿಗಳು ಮೊದಲ ಬಸ್ಸಿಗೆ ಬಂದು, ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಸರದಿ ಹಿಡಿಯುತ್ತಿದ್ದರು. ಸರದಿ ಸಿಗದವರು ಮರುದಿನಕ್ಕೆಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಊರಿಗೆ ಮರಳುತ್ತಿದ್ದರು. ಮನೆಯಿಂದಲೇ ಸಮಯ ಗೊತ್ತುಮಾಡಿಕೊಳ್ಳುವ ಒಂದು ಪುಟ ಅವರಿಗೆ ಬೇಕಿತ್ತು.

ಜಾಂಗೋದಲ್ಲಾದರೆ ಅದು ವಾರದ ಕೆಲಸ. ಅವನಿಗೂ ಗೊತ್ತಿತ್ತು. ಆದರೆ ಇನ್ನೂ ವೇಗದ್ದು ಇರುವಾಗ ಅದಕ್ಕೆ ತನ್ನ ಹೆಸರು ಹಾಕಲು ಮನಸ್ಸು ಬರಲಿಲ್ಲ. 'ನಮಸ್ಕಾರ' ಎಂದಷ್ಟೇ ಹೇಳುವ ಪುಟವನ್ನು ಮೂರರಲ್ಲೂ ಬರೆದ. ಸೆಕೆಂಡಿಗೆ ಯಾವುದು ಎಷ್ಟು ಸಲ ನಮಸ್ಕಾರ ಹೇಳುತ್ತದೆಂದು ಎಣಿಸಿದ. ಸರ್ವರ್ ಬದಲಿಸಿ ಮತ್ತೆ ಎಣಿಸಿದ. ಹೊಸ ಆವೃತ್ತಿ ಬಂತು, ಪುನಃ ಮೊದಲಿನಿಂದ ಎಣಿಸಿದ. ಸಾವಿರಗಟ್ಟಲೆ ನಮಸ್ಕಾರ ಬಂದವು, ರೋಗಿಗಳ ಪುಟ ಬರಲಿಲ್ಲ.

ಕೇಂದ್ರದ ನರ್ಸ್ ಅವನನ್ನು ಹುಡುಕಿಕೊಂಡು ಬಂದಳು. "ಅಣ್ಣಾ, ನಮ್ಮಲ್ಲಿರೋದು ಹನ್ನೆರಡೇ ಜನ ರೋಗಿಗಳು. ಯಾವುದಾದ್ರೂ ಒಂದರಲ್ಲಿ ಮಾಡ್ಕೊಡಿ."

"ಹನ್ನೆರಡು ಸಾವಿರ ಜನ ಬಂದರೆ?" ಎಂದ ಮಹಾರಾಯ.

ಅವಳು ಬಸ್ಸು ಹಿಡಿದು ಕೇಂದ್ರಕ್ಕೆ ಮರಳಿದಳು.

ನಾಲ್ಕನೇ ತಿಂಗಳು, ಎಲ್ಲಕ್ಕಿಂತ ವೇಗದ್ದರಲ್ಲಿ ಪುಟ ಮಾಡಿ ಅವನು ಕೇಂದ್ರಕ್ಕೆ ಹೋದ. ಪುಟ ಕಣ್ಣುಮುಚ್ಚಿ ತೆರೆಯುವುದರೊಳಗೆ ತೆರೆದುಕೊಂಡಿತು. ಅವನಿಗೆ ಹೆಮ್ಮೆಯಾಯಿತು. ನರ್ಸ್ ಅದರಲ್ಲಿ ಹನ್ನೊಂದು ಹೆಸರು ಸೇರಿಸಿ ಕೈ ನಿಲ್ಲಿಸಿದಳು.

"ಇನ್ನೊಬ್ಬರು?" ಎಂದು ಕೇಳಿದ.

ಅವಳು ಬಾಗಿಲ ಕಡೆ ತೋರಿಸಿದಳು. ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಇತ್ತು. "ಹೋದ ತಿಂಗಳು ಎರಡು ದಿನ ಬಂದ್ರು, ಸರದಿ ಸಿಗ್ಲಿಲ್ಲ. ಎರಡನೇ ದಿನ ಇದನ್ನ ಬಿಟ್ಟು ಹೋದ್ರು. ಮೂರನೇ ದಿನ ಇದರ ಸರದಿ ಬಂತು, ಅವರು ಬರಲಿಲ್ಲ. ಅವತ್ತು ಬೆಳಿಗ್ಗೆನೇ ತೀರಿಕೊಂಡಿದ್ರಂತೆ. ಎತ್ತಿಡೋಕೆ ನನಗೆ ಕೈ ಬರ್ಲಿಲ್ಲ ಅಣ್ಣಾ."

ತಾನು ಎಣಿಸಿದ ನಮಸ್ಕಾರಗಳೆಲ್ಲ ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಚಪ್ಪಲಿ ದಾಟಿ ಹೊರಗೆ ಬರಲು ಅವನಿಗೆ ತುಂಬ ಹೊತ್ತು ಹಿಡಿಯಿತು.

ಕತೆ ಮುಗಿಯಿತು. ನಿಜಗುಣ ಮೆಲ್ಲಗೆ ಕೇಳಿದ: "ವೇಗದ್ದನ್ನು ಆರಿಸಿದ್ದು ಅವನ ತಪ್ಪೇ, ಗುರುಗಳೇ?"

ಗುರುಗಳು ಕೋಷ್ಟಕವನ್ನು ಅವನ ಕಡೆಗೆ ಸರಿಸಿದರು.

"ವೇಗ ತಪ್ಪಲ್ಲ ಮಗು. ಇದರಲ್ಲಿ ಕಾಯುವವರ ಆ ಚಪ್ಪಲಿಯನ್ನು ಎಲ್ಲಿ ಬರೆದಿದ್ದೀಯ, ತೋರಿಸು."